ಬಿನ್ ಬೆಟ್ಟಯ್ಯ

ತಿ. ನರಸೀಪುರ
3 ಜೂನ್ 2007

ಮಗಳು ಸುಜಾತಳಿಗೆ ಜೈಭೀಮ್.

ನಿನ್ನ ಪತ್ರ ತಲುಪಿತು. ಸ್ಕೂಲಿನ ಕೆಲಸ ಬಿಟ್ಟೆ, ನಂಜನಗೂಡಿನಲ್ಲೇ ಕೂತು ಕಂಪ್ಯೂಟರಿನಲ್ಲಿ ಲೇಖನ ಬರೆಯುತ್ತೀಯ, ಅದಕ್ಕೆ ಬೆಂಗಳೂರಿನ ವೆಬ್‌ಸೈಟಿನವರು ಸಂಭಾವನೆ ಕೊಡುತ್ತಾರೆ ಎಂಬಲ್ಲಿಯವರೆಗೆ ಅರ್ಥವಾಯಿತು. ಅದನ್ನು ಯಾರು ಓದುತ್ತಾರೆ, ಎಲ್ಲಿ ಕೂತು ಓದುತ್ತಾರೆ ಎಂಬುದು ಅರ್ಥವಾಗಲಿಲ್ಲ. ನಿಮ್ಮವ್ವನಿಗೆ ಓದಿ ಹೇಳಿದೆ. "ಮೇಷ್ಟ್ರಮ್ಮ ಆಗಿದ್ದೋಳು ಅದ್ಯಾನ ಮಾಡಾಕ ಒಂಟವಳೋ. ಒತ್ತೊತ್ತಿಗೆ ಉಂಡ್ರ ಸಾಕು ಬುಡು" ಅಂದಳು.

ಪತ್ರ ಯಾಕೆ, ಫೋನ್ ಮಾಡು ಅಂದಿದ್ದೀಯ. ಫೋನಿನಲ್ಲಿ ಆಡಿದ್ದು ಗಾಳಿಗೆ ಹೋಗುತ್ತದೆ ಕೂಸೇ. ತಾಲ್ಲೂಕು ಕಚೇರಿ ಮುಂದಿನ ಹೊಂಗೆ ಮರದಡಿ ಮೂವತ್ತೊಂದು ವರ್ಷದಿಂದ ಕಂಡವರ ಅರ್ಜಿ ಬರೆದುಕೊಟ್ಟ ಕೈ ಇದು. ಬರೆದಿದ್ದಕ್ಕೆ ಮಾತ್ರ ಸಾಕ್ಷಿ ಉಂಟು.

ಚಿಕ್ಕವಳಿದ್ದಾಗ ನನ್ನ ಪಕ್ಕ ಕೂತು ಕಾರ್ಬನ್ ಹಾಳೆ ಜೋಡಿಸುತ್ತಿದ್ದೆಯಲ್ಲ, ನೆನಪಿದೆಯೇ? ಅರ್ಜಿಯ ತಲೆ ಯಾವುದು? ಮೊದಲು ಹೆಸರು, ಆಮೇಲೆ 'ಬಿನ್', ಆಮೇಲೆ ಅಪ್ಪನ ಹೆಸರು. ಬಿನ್ ಇಲ್ಲದ ಅರ್ಜಿಯನ್ನು ಗುಮಾಸ್ತ ಕೈಯಲ್ಲೂ ಹಿಡಿಯುವುದಿಲ್ಲ. ಇಂಥವನ ಮಗ, ಇಂಥವನ ಮಗಳು ಅಂತ ತಿಳಿಯದೆ ಸರ್ಕಾರದ ಕಣ್ಣಿಗೆ ಮನುಷ್ಯ ಬೀಳುವುದೇ ಇಲ್ಲ. ಅರ್ಜಿಯ ಕಾಲು ಯಾವುದು? 'ಓದಿ ಹೇಳಲಾಗಿ, ನಿಜವೆಂದು ಒಪ್ಪಿ ರುಜು ಮಾಡಿದ್ದೇನೆ' ಎಂಬ ಸಾಲು. ಓದಿ ಹೇಳದೆ ನಾನು ಇವತ್ತಿನವರೆಗೆ ಒಬ್ಬರ ಹೆಬ್ಬೆಟ್ಟನ್ನೂ ಒತ್ತಿಸಿಕೊಂಡಿಲ್ಲ.

ನಾನು ಜನ ಹೇಳಿದ್ದನ್ನು ಬರೆದವನು. ನೀನು ನಿನಗೆ ತೋಚಿದ್ದನ್ನು ಬರೆಯುತ್ತೀಯಲ್ಲ, ಅದು ದೊಡ್ಡದು. ಹೆಸರು ಬಿ. ಸುಜಾತ ಅಂತ ಹಾಕುತ್ತಾರೋ? ಆ 'ಬಿ' ನಾನೇ ಅಂತ ಇಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದೇನೆ. ಬಾಬಾಸಾಹೇಬರ ಫೋಟೋ ಗೋಡೆಗೆ ಹಾಕಿದೆಯಾ? ಹಾಕಿಲ್ಲದಿದ್ದರೆ ಇರಲಿ. ಬಂದು ಮೊಳೆ ಹೊಡೆಯುವುದು ನನ್ನ ಕೆಲಸ.

ನಿನ್ನ ಅಪ್ಪ,
ಬೆಟ್ಟಯ್ಯ

*

ನಂಜನಗೂಡು
22 ಜುಲೈ 2007

ಅಪ್ಪನಿಗೆ, ಅವ್ವನಿಗೆ ಜೈಭೀಮ್.

ಉತ್ತರ ತಡವಾಯಿತು. ದಿನಕ್ಕೆ ಮೂರು ಲೇಖನ ಬರೆಯಬೇಕು, ಬೆರಳು ಸೆಟೆದುಹೋಗುತ್ತವೆ. ಬೆಳಿಗ್ಗೆ ಏಳಕ್ಕೆ ಬೆಂಗಳೂರಿನಿಂದ ಎಡಿಟರ್ ನಟರಾಜ್ ಫೋನ್ ಮಾಡಿ ಇವತ್ತು ಏನೇನು ಬೇಕು ಅನ್ನುತ್ತಾರೆ. ಕೆಮ್ಮಿಗೆ ಕಷಾಯ, ಶ್ರಾವಣದ ಪೂಜೆ, ಮಾವಿನಮಿಡಿ ಉಪ್ಪಿನಕಾಯಿ, ಹೀಗೆ. ದೂರದೂರದ ಊರಲ್ಲಿ, ಹೊರದೇಶದಲ್ಲಿ ಇರುವ ಕನ್ನಡದವರು ಆಫೀಸಿನಲ್ಲಿ ಕೂತು ಇದನ್ನೆಲ್ಲ ಓದುತ್ತಾರಂತೆ. ಎಷ್ಟು ಜನ ಓದಿದರು ಅನ್ನುವ ಲೆಕ್ಕ ಲೇಖನದ ಕೆಳಗೇ ಬರುತ್ತದೆ. ನನ್ನ ಕಷಾಯಕ್ಕೆ ಒಂಬತ್ತು ಸಾವಿರ! ತಮಾಷೆಯಲ್ಲ ಅಪ್ಪ. ಸ್ಕೂಲಿನಲ್ಲಿ ನಲವತ್ತು ಮಕ್ಕಳು ಕೂಡ ನನ್ನ ಮಾತು ಕೇಳುತ್ತಿರಲಿಲ್ಲ.

ಮನೆ ಬದಲಾಯಿಸಿದೆ. ಹಳೇ ಪೇಟೆಯ ಕಡೆ ಒಳ್ಳೆಯ ಮನೆ, ನನಗೆ ಮುಂದಿನ ಕೋಣೆ, ಕಿಟಕಿಯ ಪಕ್ಕ ಮೇಜು. ಮನೆಯವರು ಚನ್ನಾಜಮ್ಮ ಅಂತ. ವಯಸ್ಸಾದವರು, ಒಬ್ಬರೇ ಇದ್ದಾರೆ, ಮಗಳಂತೆ ನೋಡಿಕೊಳ್ಳುತ್ತಾರೆ. ಈ ಬೀದಿಯ ಪೋಸ್ಟ್‌ಮ್ಯಾನ್ ಸರಿಯಿಲ್ಲ, ಪತ್ರ ಕಳೆದುಬಿಡುತ್ತಾನೆ. ಇನ್ನು ಮೇಲೆ ಪತ್ರವನ್ನು ಅಂಚೆ ಕಚೇರಿಗೇ ಬರೆ, ನಾನೇ ಹೋಗಿ ಇಸಿದುಕೊಳ್ಳುತ್ತೇನೆ.

ಸದ್ಯಕ್ಕೆ ಬರಬೇಡ. ಮನೆಗೆ ಸುಣ್ಣ ಬಳಿಯುತ್ತಿದ್ದಾರೆ. ಫೋಟೋ ಜೋಪಾನವಾಗಿದೆ.

ನಿನ್ನ ಮಗಳು,
ಸುಜಾತ

*

ತಿ. ನರಸೀಪುರ
16 ಸೆಪ್ಟೆಂಬರ್ 2007

ಮಗಳು ಸುಜಾತಳಿಗೆ,

ನಾವಿಬ್ಬರೂ ಗಟ್ಟಿಯಾಗಿದ್ದೇವೆ. ಅವ್ವನಿಗೆ ನೀನು ಕಳಿಸಿದ ಸೀರೆ ಬಂತು. ಉಡುವುದಿಲ್ಲ, ದಿನಾ ಬಿಚ್ಚಿ ನೋಡಿ ಮಡಚಿಡುತ್ತಾಳೆ.

ಕಚೇರಿಯ ಪಕ್ಕದ ಜೆರಾಕ್ಸ್ ಅಂಗಡಿಯ ಶಾಲಿನಿ ಈಗ ಇಂಟರ್‌ನೆಟ್ ಹಾಕಿಸಿದ್ದಾಳೆ. ಹೋಗಿ, "ನಮ್ ಮಗಳ ಎಸ್ರು ವತ್ತವ್ವ" ಅಂದೆ. ಒತ್ತಿದಳು. ಬಂದದ್ದು ಒಂದೇ ಒಂದು. 'ನಮ್ಮವ್ವನ ಮುದ್ದೆ ಕೋಲು, ಬಿ. ಸುಜಾತ.' ಓದಿದೆ. ನಿಮ್ಮವ್ವ ಮುದ್ದಮ್ಮನೇ ಎದುರು ಕೂತು ಮುದ್ದೆ ತೊಳಸಿದ ಹಾಗಿತ್ತು. ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ. ಕೆಳಗೆ ಓದಿದವರ ಲೆಕ್ಕ ನೋಡಿದರೆ ಹನ್ನೊಂದು. ಮಾರನೆಯ ದಿನ ಹನ್ನೆರಡು, ಆಮೇಲೆ ಹದಿಮೂರು. ಶಾಲಿನಿ ನಕ್ಕಳು. "ಸಾ, ಅದು ನೀವೇ ಕಣ್ ಸಾ. ನೀವ್ ತೆಗ್ದಾಗೆಲ್ಲ ಒಂದ್ ಜಾಸ್ತಿ ಆಯ್ತದ" ಅಂದಳು.

ಉಳಿದದ್ದೆಲ್ಲ ಎಲ್ಲಿದೆ? ಆ ಒಂಬತ್ತು ಸಾವಿರದ ಕಷಾಯ ಎಲ್ಲಿದೆ? ಸುಣ್ಣ ಬಳಿಯುವುದು ಎರಡು ತಿಂಗಳಾದರೂ ಮುಗಿಯಲಿಲ್ಲವೇ? ಅಂಥ ಅರಮನೆಯೇ ಅದು?

ನಿನ್ನ ಅಪ್ಪ,
ಬೆಟ್ಟಯ್ಯ

*

ನಂಜನಗೂಡು
5 ಅಕ್ಟೋಬರ್ 2007

ಅಪ್ಪನಿಗೆ ಜೈಭೀಮ್.

ಹೇಳಿಬಿಡುತ್ತೇನೆ. ಶಾಲಿನಿಗೆ 'ಗೌರಜ್ಜಿಯ ಪಡಸಾಲೆ' ಅಂತ ಒತ್ತಲು ಹೇಳು. ಅದೆಲ್ಲ ನಾನೇ.

ಮೊದಲು ನನ್ನ ಹೆಸರಿನಲ್ಲಿ ಐದು ಲೇಖನ ಕಳಿಸಿದ್ದೆ. ಮುದ್ದೆ ಕೋಲು ಒಂದನ್ನು ಹಾಕಿದರು, ಉಳಿದದ್ದು ಬೇಡ ಅಂದರು. ನಟರಾಜ್ ಫೋನ್ ಮಾಡಿ, "ಕೈ ಚೆನ್ನಾಗಿದೆ ಕಣ್ರೀ. ಆದ್ರೆ ಜನಕ್ಕೆ ಬೇಕಾಗಿರೋದು ಅಜ್ಜಿ. ಹಳೇ ಕಾಲದ ದೊಡ್ಡ ಮನೆ, ಮಡಿ, ಹಬ್ಬ, ಹುಣ್ಣಿಮೆ, ಅಂಥ ಅಜ್ಜಿ. ನೀವೇ ಅಜ್ಜಿ ಆಗಿ" ಅಂದರು. ಒಂದು ಸಲಕ್ಕೆ ತಾನೇ ಅಂತ ಆದೆ. ನಮ್ಮ ಮನೆಯಲ್ಲಿ ದೇವರ ಪಟವೇ ಇರಲಿಲ್ಲ. ಹಾಸ್ಟೆಲಿನ ಗೆಳತಿಯರು ಹೇಳುತ್ತಿದ್ದದ್ದನ್ನು ನೆನೆಸಿಕೊಂಡು, ಲೈಬ್ರರಿ ಪುಸ್ತಕ ನೋಡಿಕೊಂಡು ಬರೆದೆ. ನಲವತ್ತು ಸಾವಿರ ಜನ ಓದಿದರು ಅಪ್ಪ. 'ಅಜ್ಜಿ, ನಿಮ್ಮ ಪಾದಕ್ಕೆ ನಮಸ್ಕಾರ' ಅಂತ ಬರೆಯುತ್ತಾರೆ. ಮಗು ಹುಟ್ಟಿದರೆ ಯಾವ ಹೆಸರಿಡಲಿ ಅಂತ ಕೇಳುತ್ತಾರೆ. ಇಪ್ಪತ್ತಾರು ವರ್ಷದ ನಾನು ಎಪ್ಪತ್ತೆಂಟು ವರ್ಷದವಳಾಗಿ ಆಶೀರ್ವಾದ ಮಾಡುತ್ತೇನೆ.

ಸಾಕು, ನನ್ನ ಹೆಸರು ಹಾಕಿ ಅಂತ ಎರಡು ಸಲ ಕೇಳಿದೆ. ಗೌರಜ್ಜಿ ಎಂಬ ಹೆಸರು ಕಂಪನಿಯದು, ನಾನೇ ಬರೆಯುವುದು ಅಂತ ಬಾಯಿಬಿಟ್ಟರೆ ಕೆಲಸ ಹೋಗುತ್ತದೆ, ಹಾಗಂತ ಕಾಗದಕ್ಕೆ ರುಜು ಹಾಕಿಸಿಕೊಂಡಿದ್ದಾರೆ. ರುಜು ಹಾಕುವ ಮುಂಚೆ ನಾನು ಪೂರ್ತಿ ಓದಲಿಲ್ಲ. ನಿನ್ನ ಮಗಳಾಗಿಯೂ ಓದಲಿಲ್ಲ. ಬೈಯಿ.

ಸುಜಾತ

*

ತಿ. ನರಸೀಪುರ
20 ಅಕ್ಟೋಬರ್ 2007

ಸುಜಾತಾ,

ಬೈಯುವುದಕ್ಕೆ ಏನಿದೆ? ಕಂಡವರ ಹೆಸರಲ್ಲಿ ಬರೆಯುವುದು ತಪ್ಪಾದರೆ ನಿಮ್ಮಪ್ಪನಷ್ಟು ತಪ್ಪು ಮಾಡಿದವನು ಈ ತಾಲ್ಲೂಕಿನಲ್ಲೇ ಇಲ್ಲ. ಗಂಡ ಬಿಟ್ಟವಳಾಗಿ ಬರೆದಿದ್ದೇನೆ, ದನ ಕಳಕೊಂಡವನಾಗಿ ಬರೆದಿದ್ದೇನೆ. ಆದರೆ ಅವರು ನನ್ನ ಎದುರು ಕುಕ್ಕರುಗಾಲಲ್ಲಿ ಕೂತಿರುತ್ತಿದ್ದರು. ಬರೆದಾದ ಮೇಲೆ ಓದಿ ಹೇಳುತ್ತಿದ್ದೆ. "ಅಂಗಲ್ಲ ಕಣಣ್ಣ, ಇಂಗೆ" ಅಂದರೆ ತಿದ್ದುತ್ತಿದ್ದೆ. ನಿನ್ನ ಗೌರಜ್ಜಿ ಎಲ್ಲಿ ಕೂತಿದ್ದಾಳೆ? ನೀನು ಯಾರಿಗೆ ಓದಿ ಹೇಳುತ್ತೀಯ?

ಗೌರಜ್ಜಿಯನ್ನು ಓದಿದೆ. ಚೆನ್ನಾಗಿ ಬರೆದಿದ್ದೀಯ. ಮುದ್ದೆ ಕೋಲನ್ನು ಮತ್ತೊಮ್ಮೆ ಓದಿದೆ, ಈಗ ಹತ್ತೊಂಬತ್ತು. ಫೋಟೋ ಯಾವ ಗೋಡೆಗೆ ಹಾಕಿದೆ ಅಂತ ನೀನು ಬರೆಯಲೇ ಇಲ್ಲ.

ನಿನ್ನ ಅಪ್ಪ,
ಬೆಟ್ಟಯ್ಯ

*

ನಂಜನಗೂಡು
27 ಮಾರ್ಚ್ 2008

ಅಪ್ಪನಿಗೆ ಜೈಭೀಮ್.

ನಿನ್ನ ಮೂರು ಪತ್ರಕ್ಕೆ ಉತ್ತರ ಬರೆಯಲಿಲ್ಲ. ಬರೆಯಲು ಕೂತರೆ ಗೌರಜ್ಜಿಯ ಧಾಟಿಯೇ ಬರುತ್ತದೆ. 'ಮಗೂ, ಕೇಳು' ಅಂತ ಶುರುವಾಗುತ್ತದೆ. ಹರಿದುಹಾಕಿದೆ. ಈಗ ದಿನಕ್ಕೆ ಐದು ಲೇಖನ. ಕಂಪನಿಯಲ್ಲಿ ಎಲ್ಲರಿಗಿಂತ ಹೆಚ್ಚು ಓದಿಸಿಕೊಳ್ಳುವವಳು ನಾನೇ ಅಂತ ಗೋಡೆ ಗಡಿಯಾರ ಕಳಿಸಿದ್ದಾರೆ, ಅದರ ಮೇಲೆ ಗೌರಜ್ಜಿಯ ಚಿತ್ರ. ಬಿಳಿ ಕೂದಲು, ದೊಡ್ಡ ಕುಂಕುಮ. ಕತ್ತು ಎತ್ತಿದರೆ ಅವಳೇ.

ಇವತ್ತು ಒಂದು ತಮಾಷೆ ಹೇಳಬೇಕು ಅಂತ ಬರೆಯುತ್ತಿದ್ದೇನೆ. ಮೊನ್ನೆ 'ಯುಗಾದಿಗೆ ಗೌರಜ್ಜಿಯ ಮನೆ' ಅಂತ ಬರೆದೆ. ಬೇವು ಬೆಲ್ಲ, ಒಬ್ಬಟ್ಟು, ಎಣ್ಣೆಸ್ನಾನ, ಪಂಚಾಂಗ, ಎಲ್ಲ ಸರಿಯಾಗಿ ಬಂತು. ನಿದ್ದೆ ಬೇರೆ ಇರಲಿಲ್ಲ. ಕೊನೆಗೆ ಕೈ ತಾನಾಗಿ ಬರೆದುಬಿಟ್ಟಿದೆ: 'ಮಾರನೆಯ ದಿನ ಹೊಸತೊಡಕು. ನಮ್ಮವ್ವ ಕೋಳಿ ಕೂಗುವ ಮುಂಚೆ ಮಸಾಲೆ ಅರೆಯಲು ಕೂತರೆ, ಬಾಡು ಬೇಯುವ ವಾಸನೆಗೆ ನಾವು ಹಾಸಿಗೆಯಲ್ಲೇ ಎಚ್ಚರಾಗುತ್ತಿದ್ದೆವು.' ಮಡಿ ಉಟ್ಟ ಗೌರಜ್ಜಿ ಬಾಡು ಬೇಯಿಸುತ್ತಿದ್ದಾಳೆ! ಓದುಗರು ಹೌಹಾರಿದ್ದಾರೆ. ನಟರಾಜ್ ಫೋನಿನಲ್ಲಿ ಕೂಗಾಡಿದರು. ಅರ್ಧ ಗಂಟೆಯಲ್ಲಿ ಅಳಿಸಿ, ತಾಂತ್ರಿಕ ದೋಷ ಅಂತ ಹಾಕಿದರು. ಚನ್ನಾಜಮ್ಮನವರ ಸೋದರಳಿಯ ಅವರಿಗೆ ಗೌರಜ್ಜಿಯನ್ನು ಓದಿ ಹೇಳುತ್ತಾನೆ. ಇದೇನು ಅಂತ ಅವರೂ ನನ್ನನ್ನು ಕೇಳಿದರು. ಆಫೀಸಿನವರ ಎಡವಟ್ಟು ಅಂತ ನಕ್ಕುಬಿಟ್ಟೆ. ನಗುತ್ತಾ ನಗುತ್ತಾ ಕೋಣೆಗೆ ಬಂದು ಅತ್ತೆ.

ಹಬ್ಬಕ್ಕೆ ನನಗೆ ಬರಲಾಗುವುದಿಲ್ಲ, ಕೆಲಸವಿದೆ. ನೀನೂ ಬರಬೇಡ. ಅವ್ವನಿಗೆ ಏನಾದರೂ ಸಮಾಧಾನ ಹೇಳು.

ಸುಜಾತ

*

ತಿ. ನರಸೀಪುರ
10 ಏಪ್ರಿಲ್ 2008

ಸುಜಾತಳಿಗೆ,

ನಿನ್ನ ಹೊಸತೊಡಕಿನ ಸಾಲನ್ನು ಅವ್ವನಿಗೆ ಓದಿ ಹೇಳಿದ್ದೆ. ಅದು ತಪ್ಪಲ್ಲ. ಅಷ್ಟುದ್ದದ ಲೇಖನದಲ್ಲಿ ನೀನು ಬರೆದದ್ದು ಅದೊಂದೇ ಸಾಲು, ಮಿಕ್ಕದ್ದು ಗೌರಜ್ಜಿಯದು. ಅವ್ವ ಹಿಡಿದ ಪಟ್ಟು ಬಿಡಲಿಲ್ಲ. "ಕೂಸು ಬಾಯ್ಬುಟ್ಟು ಕೇಳವಳ. ದ್ಯಾವ್ರ ಬುಟ್ರೂ ಬಾಡ ಬುಡ್ನಿಲ್ಲ ನಾವು. ತಗಂಡೋಗಿ ಉಣ್ಣಿಸ್ಬುಟ್ ಬಾ" ಅಂದಳು. ಸೀರೆ ಪಾರ್ಸಲಿನ ಮೇಲೆ ನಿನ್ನ ಮನೆ ವಿಳಾಸವಿತ್ತು. ಕ್ಯಾರಿಯರ್ ಹಿಡಿದು, ಜೇಬಿನಲ್ಲಿ ಎರಡು ಮೊಳೆ ಹಾಕಿಕೊಂಡು ಎಂಟನೇ ತಾರೀಕು ಬಸ್ಸು ಹತ್ತಿದೆ. ಒಂದೂವರೆ ಗಂಟೆಯ ದಾರಿ. ಹತ್ತು ತಿಂಗಳಿಂದ ಅಷ್ಟು ದೂರವಾಗಿತ್ತು.

ಬಾಗಿಲಲ್ಲಿ ಆ ತಾಯಿ ಚನ್ನಾಜಮ್ಮ ಕೂತಿದ್ದರು. ಸುಜಾತ ಇದ್ದಾರಾ ಅಂದೆ. ಮೈಸೂರಿಗೆ ಹೋಗಿದ್ದಾಳೆ, ಸಂಜೆಗೆ ಬರುತ್ತಾಳೆ ಅಂದರು. ಒಳ್ಳೆಯ ಮಾತುಗಾರ್ತಿ. ನಾನು ಕೇಳದೇ ಹೇಳಿದರು. "ನಾನು ಕಂಡಕಂಡವರಿಗೆಲ್ಲ ಮನೆ ಕೊಡೋಳಲ್ಲಪ್ಪ. ಈ ಮಗು ನಮ್ಮ ಪೈಕಿನೇ, ಏನು ಆಚಾರ, ಏನು ಬರವಣಿಗೆ! ಪಾಪ, ತಂದೆ ತಾಯಿ ಇಬ್ಬರೂ ಹೋಗಿಬಿಟ್ಟಿದ್ದಾರೆ. ನಾನೇ ಇವಳಿಗೆ ತಾಯಿ" ಅಂದರು. ಆಮೇಲೆ ನೀವ್ಯಾರು ಅಂದರು.

ಎಷ್ಟೋ ಜನರ ಮರಣ ಪ್ರಮಾಣಪತ್ರಕ್ಕೆ ಅರ್ಜಿ ಬರೆದಿದ್ದೇನೆ. ನನ್ನದಕ್ಕೆ ಬರೆದಿರಲಿಲ್ಲ. "ಅರ್ಜಿ ಬರಿಯೋನು ತಾಯಿ. ಅವರ ತಂದೇನ ಬಲ್ಲೆ. ಈ ಕಡೆ ಬಂದಿದ್ದೆ, ಕಂಡೋಗವ ಅಂತ" ಅಂದೆ. ಕ್ಯಾರಿಯರನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದೆ. ಆ ವಾಸನೆ ಅವರಿಗೆ ತಾಗಿದ್ದರೆ ನಿನ್ನ ಗತಿ ಏನು ಅಂತ ಎರಡು ಹೆಜ್ಜೆ ಹಿಂದೆ ಸರಿದೆ.

ವಾಪಸ್ ತಂದರೆ ಮುದ್ದಮ್ಮ ಕೇಳುತ್ತಾಳಲ್ಲ. ಬಸ್ ಸ್ಟ್ಯಾಂಡಿನ ಹಿಂದೆ ಗಾರೆ ಕೆಲಸದವರು ಉಣ್ಣಲು ಕೂತಿದ್ದರು, ಅವರಿಗೆ ಬಡಿಸಿದೆ. ಚೆನ್ನಾಗಿದೆ ಅಂದರು. ಅವ್ವನಿಗೆ ನೀನು ಸಿಕ್ಕಿದೆ, ಎರಡು ಸಲ ಹಾಕಿಸಿಕೊಂಡು ಉಂಡೆ ಅಂತ ಹೇಳಿದ್ದೇನೆ. ಅವಳು ಹಿಗ್ಗಿ ಬೀದಿಗೆಲ್ಲ ಹೇಳಿಕೊಂಡು ಬಂದಳು.

ಹೆದರಬೇಡ, ಇನ್ನು ಬರುವುದಿಲ್ಲ. ಪತ್ರ ಅಂಚೆ ಕಚೇರಿಗೇ ಬರೆಯುತ್ತೇನೆ. ಮುಂದೆ ನೀನು ಎಲ್ಲಾದರೂ ಅರ್ಜಿ ಹಾಕುವಾಗ ಮರೆಯದೆ 'ಸುಜಾತ ಬಿನ್ ಲೇಟ್ ಬೆಟ್ಟಯ್ಯ' ಅಂತ ಬರೆ. ದಾಖಲೆ ಸರಿಯಾಗಿರಬೇಕು.

ಇತಿ,
ಬೆಟ್ಟಯ್ಯ, ಅರ್ಜಿ ಬರಹಗಾರ

*

ನಂಜನಗೂಡು
27 ಏಪ್ರಿಲ್ 2008

ಅಪ್ಪಾ,

ನಿನ್ನ ಪತ್ರವನ್ನು ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತು ಓದಿದೆ. ಕೊನೆಯಲ್ಲಿ 'ನಿನ್ನ ಅಪ್ಪ' ಇರಲಿಲ್ಲ. ಹಾಳೆ ತಿರುಗಿಸಿ ನೋಡಿದೆ, ಅಲ್ಲೂ ಇರಲಿಲ್ಲ.

ನಿಜ ಹೇಳುತ್ತೇನೆ. ಹೋದ ವರ್ಷ ನಾಲ್ಕು ಮನೆ ನೋಡಿದೆ. ನಾಲ್ಕು ಕಡೆಯೂ 'ನೀವು ಯಾವ ಪೈಕಿ' ಅಂದರು. ಹೇಳಿದೆ. ಖಾಲಿ ಇಲ್ಲ ಅಂದರು. ಐದನೆಯದು ಚನ್ನಾಜಮ್ಮನವರ ಮನೆ. ಅವರ ಕೈಯಲ್ಲಿ ಗೌರಜ್ಜಿಯ ಲೇಖನದ ಪ್ರಿಂಟು ಇತ್ತು. ಕಂಪನಿಗೆ ಕೊಟ್ಟ ಮಾತನ್ನೂ ಮೀರಿ, ಇದನ್ನು ಬರೆಯುವವಳು ನಾನೇ ಅಂದೆ. ಆಮೇಲೆ ಪೈಕಿ ಕೇಳಲೇ ಇಲ್ಲ, ಕುಂಕುಮ ಇಟ್ಟು ಬೀಗದ ಕೈ ಕೊಟ್ಟರು. ಅಪ್ಪ ಅಮ್ಮ ಅಂದರು. ಇಲ್ಲ, ತೀರಿಕೊಂಡರು ಅಂದೆ. ಅದು ಬಾಯಿತಪ್ಪಿ ಬಂದದ್ದಲ್ಲ. ನೀವು ಯಾರೂ ಬಂದುಬಿಡಬಾರದು ಅಂತಲೇ ಹೇಳಿದೆ. ಬಾಬಾಸಾಹೇಬರು ಹತ್ತು ತಿಂಗಳು ಟ್ರಂಕಿನಲ್ಲಿ, ಸೀರೆಗಳ ಕೆಳಗೆ ಇದ್ದರು. ನಾನು ಹೊರಗಿದ್ದೆ ಅಂದುಕೊಂಡಿದ್ದೆ. ನಾನೂ ಅಲ್ಲೇ ಇದ್ದೆ.

ಅವತ್ತೇ ಸಂಜೆ ಬರೆಯಲು ಕೂತೆ. 'ನಾನು ಗೌರಜ್ಜಿ ಅಲ್ಲ. ನನ್ನ ಹೆಸರು ಸುಜಾತ. ನಮ್ಮ ಮನೆಯಲ್ಲಿ ಹೊಸತೊಡಕು ಉಂಟು' ಅಂತ ಶುರು ಮಾಡಿ, ಬೆನ್ನ ಹಿಂದೆ ಕ್ಯಾರಿಯರ್ ಹಿಡಿದುಕೊಂಡು ನಿಂತ ನಿನ್ನವರೆಗೆ ಬರೆದೆ. ಬರೆದದ್ದನ್ನು ತೆಗೆದುಕೊಂಡು ಹೋಗಿ ಚನ್ನಾಜಮ್ಮನವರ ಎದುರು ಕೂತು ಓದಿ ಹೇಳಿದೆ. ನೀನು ಕೇಳಿದ್ದೆಯಲ್ಲ, ಯಾರಿಗೆ ಓದಿ ಹೇಳುತ್ತೀಯ ಅಂತ.

ಅವರು ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ, "ಬಿಸಿಲಲ್ಲಿ ನಿಂತಿದ್ರಲ್ಲೇ ಅವರು. ನೀರು ಬೇಕೇನು ಅಂತ ಕೂಡ ನಾನು ಕೇಳಲಿಲ್ಲ" ಅಂದರು. ಕಣ್ಣು ಒರೆಸಿಕೊಂಡರು. ಬೆಳಿಗ್ಗೆ ಸೋದರಳಿಯ ಬಂದು, ತಿಂಗಳ ಕೊನೆಗೆ ಮನೆ ಖಾಲಿ ಮಾಡಿ ಅಂದ. ಅವರು ಒಳಗೇ ಇದ್ದರು, ಹೊರಗೆ ಬರಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ, ಸುಳ್ಳು ಹೇಳಿದವಳು ನಾನು. ಆದರೂ ಹೊಟ್ಟೆ ಉರಿಯಿತು ಅಪ್ಪ, ಚೆನ್ನಾಗಿಯೇ ಉರಿಯಿತು.

ನಟರಾಜ್‌ಗೆ ಆ ಲೇಖನ ಕಳಿಸಿ, ನನ್ನ ಹೆಸರಲ್ಲಿ ಹಾಕಿ ಅಂದೆ. "ಸುಜಾತ ಯಾರು ಅಂತ ಯಾರಿಗ್ರೀ ಗೊತ್ತು? ಸುಮ್ನೆ ಅಕ್ಷಯ ತದಿಗೆ ಬಗ್ಗೆ ಬರೀರಿ" ಅಂದರು. ಗೌರಜ್ಜಿಯ ಪುಟದ ಪಾಸ್‌ವರ್ಡ್ ನನ್ನ ಹತ್ತಿರವೇ ಇತ್ತಲ್ಲ, ನಾನೇ ಹಾಕಿಬಿಟ್ಟೆ. ನಲವತ್ತು ನಿಮಿಷ ಇತ್ತು. ಅಷ್ಟರಲ್ಲಿ ಆರು ನೂರ ಹದಿನೇಳು ಜನ ಓದಿದರು. ಬೈಗುಳವೂ ಬಂತು. ಒಬ್ಬಳು ಮಾತ್ರ, 'ಅಕ್ಕ, ನಮ್ಮ ಮನೆಯಲ್ಲೂ ಹೀಗೇ' ಅಂತ ಬರೆದಿದ್ದಳು. ಆಮೇಲೆ ಎಲ್ಲ ಅಳಿಸಿದರು. ಈಗ ನನ್ನ ಪಾಸ್‌ವರ್ಡ್ ನಡೆಯುವುದಿಲ್ಲ. ಮಾರನೆಯ ದಿನ ಎಂದಿನಂತೆ ಏಳು ಗಂಟೆಗೆ ಗೌರಜ್ಜಿ ಮಾವಿನಕಾಯಿ ಚಟ್ನಿಯ ಬಗ್ಗೆ ಬರೆದಿದ್ದಳು. ಯಾರು ಬರೆದರೋ, ಚೆನ್ನಾಗಿಯೇ ಇತ್ತು. ಇನ್ನು ಯಾವ ಹುಡುಗಿ ಅವಳ ಸೀರೆ ಉಟ್ಟುಕೊಂಡು ಕೂತಿದ್ದಾಳೋ ಅಂತ ಸಂಕಟವಾಯಿತು.

ಮತ್ತೆ ಮನೆ ಹುಡುಕಿದೆ. ಮೂರು ಕಡೆ ಖಾಲಿ ಇಲ್ಲ ಅಂದರು. ನಾಲ್ಕನೆಯದು ಸಿಕ್ಕಿತು, ರೈಲ್ವೆ ಸ್ಟೇಷನ್ನಿನ ಹಿಂದೆ, ಶೀಟಿನ ಮನೆ, ಮಧ್ಯಾಹ್ನ ಕಾದ ಹಂಚು. ಪೈಕಿ ಕೇಳಿದರು, ಹೇಳಿದೆ, ಕೊಟ್ಟರು. ಕೆಲಸವಿಲ್ಲ. ನನ್ನ ಹೆಸರಿನಲ್ಲಿ ಎರಡು ಕಡೆಗೆ ಬರೆದು ಕಳಿಸಿದ್ದೇನೆ. ಒಬ್ಬರು 'ನೋಡೋಣ' ಅಂದಿದ್ದಾರೆ, ಇನ್ನೊಬ್ಬರು ಅದನ್ನೂ ಅಂದಿಲ್ಲ. ಮತ್ತೆ ಸ್ಕೂಲಿಗೆ ಹೋಗಬೇಕಾದೀತು.

ಅವ್ವನಿಗೆ ನಿಜ ಹೇಳು. ನಾನು ಉಣ್ಣಲಿಲ್ಲ ಅಂತ ಹೇಳು, ಯಾಕೆ ಅಂತಲೂ ಹೇಳು. ಅವಳು ಬೈದರೆ ಬೈಯಲಿ. ಇಬ್ಬರೂ ಬನ್ನಿ. ಮನೆ ವಿಳಾಸ ಹಿಂದೆ ಬರೆದಿದ್ದೇನೆ, ಇನ್ನು ಮೇಲೆ ಪತ್ರವೂ ಅಲ್ಲಿಗೇ ಬರಲಿ. ಮೊಳೆ ಹೊಡೆಯುವುದು ನಿನ್ನ ಕೆಲಸ ಅಂದಿದ್ದೆ. ಫೋಟೋ ಟ್ರಂಕಿನಿಂದ ತೆಗೆದು ಗೋಡೆಗೆ ಒರಗಿಸಿ ಇಟ್ಟಿದ್ದೇನೆ, ನಾನು ಹೊಡೆದಿಲ್ಲ.

ಮೇಲೆ ಬರೆದದ್ದನ್ನೆಲ್ಲ ನನಗೆ ನಾನೇ ಗಟ್ಟಿಯಾಗಿ ಓದಿ ಹೇಳಿಕೊಂಡು, ನಿಜವೆಂದು ಒಪ್ಪಿ ರುಜು ಮಾಡಿದ್ದೇನೆ.

ಸುಜಾತ
ಬಿನ್ ಬೆಟ್ಟಯ್ಯ